ಗಾಯಾಳುವನ್ನು ಎತ್ತಿದವನಿಗೆ ರಕ್ಷಣೆಯುಂಟೆ?

(ತಿ. ನರಸೀಪುರದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



2023ನೆಯ ಇಸವಿ ಮೇ 29ರಂದು ನಮ್ಮ ತಾಲ್ಲೂಕಿನ ಕುರುಬೂರಿನ ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಯಿತು. ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ ಹತ್ತು ಮಂದಿ ಸತ್ತರು; ಅವರಲ್ಲಿ ಮಕ್ಕಳೂ ಇದ್ದರು. ಅಂಥ ಅಪಘಾತವಾದರೆ ಅಧಿಕಾರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಅವರೆಲ್ಲ ಬರುವುದಕ್ಕೆ ಮುಂಚಿನ ಹತ್ತು ನಿಮಿಷದ ವಿಚಾರವನ್ನು ನಾವು ಈ ಹೊತ್ತು ಮಾತನಾಡಬೇಕೆಂದಿದ್ದೇವೆ. ಆ ಹತ್ತು ನಿಮಿಷ ಅಲ್ಲಿ ಇರುವವರು ಯಾರು? ಗದ್ದೆಯಿಂದ ಓಡಿಬಂದವರು, ಪಾಳಿ ಮುಗಿಸಿ ಮನೆಗೆ ಹೊರಟವರು, ರಸ್ತೆ ಪಕ್ಕದಲ್ಲಿ ಎಳನೀರು ಮಾರುವವರು. ಅಂದರೆ ನಾವೇ.

ನಮ್ಮದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡುಬಿಡುತ್ತೇವೆ. ನಾವು ಮೇಷ್ಟರಾಗಿದ್ದ ಕಾಲ. ಒಂದು ಸಂಜೆ ನಂಜನಗೂಡಿನಿಂದ ಬರುವ ದಾರಿಯಲ್ಲಿ ಬೈಕಿನವನೊಬ್ಬ ಬಿದ್ದಿದ್ದ. ಸುತ್ತ ಹತ್ತು ಹದಿನೈದು ಜನ ನಿಂತಿದ್ದೆವು. "ಮೇಷ್ಟ್ರೇ, ಮುಟ್ಟಬೇಡಿ, ಆಮೇಲೆ ಠಾಣೆ ಕೋರ್ಟು ಅಂತ ಅಲೀಬೇಕಾಗುತ್ತೆ" ಎಂದು ಗುರುತಿನವರೊಬ್ಬರು ತೋಳು ಹಿಡಿದರು. ನಾವು ನಿಂತೇ ಇದ್ದೆವು. ಕಡೆಗೆ ಎತ್ತಿದವನು ಗೂಡ್ಸ್ ಆಟೋದಲ್ಲಿ ಟೊಮೇಟೊ ಹೇರಿಕೊಂಡು ಬಂದ ಒಬ್ಬ ಹುಡುಗ. ಕ್ರೇಟುಗಳನ್ನು ರಸ್ತೆ ಬದಿಗೆ ಇಳಿಸಿ, ಗಾಯಾಳುವನ್ನು ಮಲಗಿಸಿಕೊಂಡು ಹೋದ. ಬಿದ್ದವನು ಬದುಕಿಕೊಂಡ. ಎತ್ತಿದವನು ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತ, "ನೀನೇ ಗುದ್ದಿದೆಯೇನೋ?" ಎಂದು ಕೇಳಿಸಿಕೊಂಡ, ಹೇಳಿಕೆಗೆಂದು ಮತ್ತೆ ಮೂರು ದಿನ ಅಲೆದ. ಮೂರು ದಿನ ಅವನ ಗಾಡಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಇಳಿಸಿದ ಟೊಮೇಟೊವನ್ನು ದನ ತಿಂದವು.

2017ರಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ 18 ವರ್ಷದ ಹುಡುಗನಿಗೆ ಬಸ್ಸು ಬಡಿದಾಗ, ಅವನು ನೆರವಿಗೆ ಅಂಗಲಾಚುತ್ತಿದ್ದರೂ ಜನ ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ. ಅದು ನಾಚಿಕೆಗೇಡು, ಅದಕ್ಕೆ ನಾವು ಸಮರ್ಥನೆ ಹೇಳಲಾರೆವು. ಆದರೆ ಜನರಲ್ಲಿ ಕರುಣೆಯೇ ಬತ್ತಿಹೋಯಿತೆಂದು ವೇದಿಕೆಯ ಮೇಲೆ ಮರುಗುವವರಿಗೆ ದಿನಗೂಲಿಯ ಲೆಕ್ಕ ಗೊತ್ತಿಲ್ಲ. ದುಡಿಯುವವನು ರಕ್ತ ಕಂಡು ಹೆದರುವವನಲ್ಲ. ಅವನಿಗೆ ಹಾಜರಿ ತಪ್ಪುವ ಭಯ.

ಕಾನೂನು ಏನು ಹೇಳುತ್ತದೆ ನೋಡೋಣ. 1860ರ ದಂಡ ಸಂಹಿತೆಯ 92ನೆಯ ಕಲಮಿನಲ್ಲೇ ಒಂದು ಉದಾಹರಣೆ ಇತ್ತು. ಮನೆಗೆ ಬೆಂಕಿ ಬಿದ್ದಿದೆ. ಕೆಳಗೆ ಜನ ಕಂಬಳಿ ಹಿಡಿದಿದ್ದಾರೆ. ಮಗುವನ್ನು ಉಳಿಸಲೆಂದು ಮೇಲಿನಿಂದ ಬಿಟ್ಟವನು, ಮಗು ಸತ್ತರೂ, ಅಪರಾಧಿಯಲ್ಲ. ಈಗ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನಲ್ಲಿದೆ. ಎಂದರೆ ಸದುದ್ದೇಶದಿಂದ ಕೈಹಾಕಿದವನನ್ನು ಶಿಕ್ಷಿಸಬೇಕೆಂದು ಕಾನೂನು ಎಂದೂ ಹೇಳಿರಲಿಲ್ಲ. ಶಿಕ್ಷೆಯಿಲ್ಲದೆಯೂ ಅಲೆಸಬಹುದಲ್ಲ, ಅಲ್ಲೇ ತೊಡಕು.

ಆಸ್ಪತ್ರೆಗಳ ಕಥೆಯೂ ಹಾಗೆಯೇ. ಸ್ಕೂಟರಿನವನೊಬ್ಬನಿಗೆ ಕಾರು ಬಡಿಯಿತು. ಒಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಪೋಲೀಸ್ ಕೇಸು ನೋಡಲು ನಮಗೆ ಅಧಿಕಾರವಿಲ್ಲವೆಂದು ಇಪ್ಪತ್ತು ಕಿಲೋಮೀಟರು ಆಚೆಯ ಆಸ್ಪತ್ರೆಗೆ ಅಟ್ಟಿದರು. ದಾರಿಯಲ್ಲೇ ಪ್ರಾಣ ಹೋಯಿತು. ಈ ಪತ್ರಿಕಾ ವರದಿ ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರಿಯೇ ಆಗಲಿ ಖಾಸಗಿಯೇ ಆಗಲಿ, ವೈದ್ಯನು ಮೊದಲು ಜೀವ ಉಳಿಸಬೇಕು, ಕಾಗದ ಪತ್ರ ಆಮೇಲೆ ಎಂದು 1989ರಲ್ಲಿ ತೀರ್ಪಾಯಿತು. 2016ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು, ನೆರವಾದವನನ್ನು ಪೀಡಿಸಕೂಡದೆಂಬ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು.

ಇದಕ್ಕಾಗಿಯೇ ಪ್ರತ್ಯೇಕ ಶಾಸನ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ. 2016ರ ಶಾಸನ, ರಾಷ್ಟ್ರಪತಿಗಳ ಅಂಕಿತಕ್ಕೆ 2018 ಆಯಿತು. ಗಾಯಾಳುವನ್ನು ಸೇರಿಸಿ ಕೂಡಲೇ ಹೊರಟುಹೋಗಬಹುದು. ಠಾಣೆಗೋ ಕೋರ್ಟಿಗೋ ಹೋಗಲೇಬೇಕಾಗಿ ಬಂದರೆ ಆ ಖರ್ಚು ಕೊಡಲು ಒಂದು ನಿಧಿ ಇರಬೇಕು. ಕೇಂದ್ರ ಸರ್ಕಾರ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಮನ್ನು ಸೇರಿಸಿ, 2020ರಲ್ಲಿ ನಿಯಮ ಮಾಡಿತು. ಅದರ ಪ್ರಕಾರ ನಿಮ್ಮ ಹೆಸರು, ವಿಳಾಸ ಹೇಳೆಂದು ಪೋಲೀಸರು ಬಲವಂತ ಮಾಡುವಂತಿಲ್ಲ. ನೀವಾಗಿ ಸಾಕ್ಷಿಯಾಗಲು ಒಪ್ಪಿದರೆ, ಪೋಲೀಸರೇ ಮಫ್ತಿಯಲ್ಲಿ ನಿಮ್ಮ ಮನೆಗೋ ಅಂಗಡಿಗೋ, ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಬಂದು, ಆದಷ್ಟೂ ಒಂದೇ ಸಲಕ್ಕೆ ವಿಚಾರಣೆ ಮುಗಿಸಬೇಕು. ಈ ಹಕ್ಕುಗಳನ್ನು ಪ್ರತಿಯೊಂದು ಆಸ್ಪತ್ರೆಯೂ ಕನ್ನಡದಲ್ಲಿ ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಮುಂಗಡ ಹಣ ಯಾರು ಕಟ್ಟುವುದು ಎಂಬ ಇನ್ನೊಂದು ಭಯ ಉಂಟು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಎರಡು ತುಂಡಾದ ಹರೀಶ್ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿರೆಂದ. ಅವನ ಹೆಸರಿನಲ್ಲೇ ರಾಜ್ಯ ಸರ್ಕಾರ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವ ಯೋಜನೆ ಆರಂಭಿಸಿತು. 2025ರ ಕೇಂದ್ರ ಯೋಜನೆಯಲ್ಲಿ ರಸ್ತೆ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ಚಿಕಿತ್ಸೆ. ಎತ್ತಿಕೊಂಡು ಹೋದವನು ಜೇಬು ತಡಕಬೇಕಾಗಿಲ್ಲ.

ಇಷ್ಟೆಲ್ಲ ಇದೆ. ಆದರೆ 134ಎ ಮೋಟಾರು ಅಪಘಾತಕ್ಕೆ ಮಾತ್ರ. ಸಂಗಮದಲ್ಲಿ ಮುಳುಗುತ್ತಿದ್ದವನನ್ನು ಎಳೆದು ತಂದವನ, ಅಕ್ಕಿ ಗಿರಣಿಯ ಬೆಲ್ಟಿಗೆ ಕೈ ಸಿಕ್ಕಿದ ಜೊತೆಗಾರನ ತೋಳಿಗೆ ಬಟ್ಟೆ ಬಿಗಿದವನ ಗತಿಯೇನು? ನಮ್ಮ ರಾಜ್ಯದ ಶಾಸನ ತನ್ನ ಹೆಸರಿನಲ್ಲೇ 'ತುರ್ತು ಸನ್ನಿವೇಶ' ಎನ್ನುತ್ತದೆ, ರಸ್ತೆ ಎನ್ನುವುದಿಲ್ಲ. ನಾವು ಹಿಡಿಯಬೇಕಾದದ್ದು ಅದನ್ನು. ಇನ್ನು ಕಳೆದುಹೋದ ದಿನದ ಕೂಲಿ: ನಿಧಿಯ ಹಣ ಕೆಲಸಗಾರನ ಕೈಗೆ ಬರಬೇಕು, ಗಿರಣಿಯ ಧಣಿಗಳು ಆ ದಿನವನ್ನು ಹಾಜರಿ ಎಂದೇ ಬರೆದುಕೊಳ್ಳಬೇಕು. ಎರಡನೆಯದು ಯಾವ ಕಾಯಿದೆಯಲ್ಲೂ ಇಲ್ಲ. ನಮ್ಮ ಸಂಘವೇ ಕೇಳಿ ಪಡೆಯಬೇಕು.

ಕೈಹಾಕುವಾಗ ಒಂದೆರಡು ಎಚ್ಚರಿಕೆ. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಬಿಡಬೇಡಿ. ನಮ್ಮಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪೇ ಅದು. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯಿಟ್ಟು ಒತ್ತಿಹಿಡಿಯಿರಿ. ಕತ್ತು, ಬೆನ್ನು ಹೊರಳಿಸಬೇಡಿ. 108ಕ್ಕೆ ಫೋನು ಮಾಡಿ. ಆಸ್ಪತ್ರೆ ಬಿಡುವಾಗ, ತಂದು ಸೇರಿಸಿದ ಹೊತ್ತನ್ನೂ ಜಾಗವನ್ನೂ ಬರೆದ ಚೀಟಿ ಕೇಳಿ ಪಡೆಯಿರಿ.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾವು ಕೆಲವರು ಇಲ್ಲಿಯ ಆಸ್ಪತ್ರೆಗಳ ಬಾಗಿಲಲ್ಲಿ ಆ ಕನ್ನಡ ಫಲಕ ಇದೆಯೇ ಎಂದು ನೋಡಲು ಹೋಗುತ್ತಿದ್ದೇವೆ. ಇಲ್ಲದ ಕಡೆ ಅರ್ಜಿ ಕೊಡುತ್ತೇವೆ. ಪಾಳಿ ಇಲ್ಲದವರು ಬಸ್ ನಿಲ್ದಾಣದ ಬಳಿ ಸೇರಿ. ಅಂಗಡಿಯವರು ಬರಲಾಗದಿದ್ದರೆ ಅರ್ಜಿಗೆ ರುಜು ಹಾಕಿ ಕೊಟ್ಟರೂ ಸಾಕು.