ಹಾಡಿನ ನುಡಿ, ಪ್ರಾರ್ಥನೆಯ ನುಡಿ

ಹಲಸೂರಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ವಾರಗಳ ಮಟ್ಟಿಗೆ ಐರ್ಲೆಂಡಿಗೆ ಹೊರಟಿದ್ದಳು. ಅಲ್ಲಿನ ಸಂಗೀತವನ್ನೂ ಕಥೋಲಿಕ ಶ್ರದ್ಧೆಯನ್ನೂ ಒಟ್ಟಿಗೆ ಅಭ್ಯಾಸ ಮಾಡುವುದು ಅವಳ ಉದ್ದೇಶ. "ಎರಡು ವಾರದಲ್ಲಿ ಏನು ತಿಳಿದೀತು, ಮೇಷ್ಟ್ರೇ?" ಎಂದು ಅವಳೇ ಕೇಳಿದಳು. "ತಿಳಿಯುವುದು ಕಡಿಮೆ, ಕಿವಿ ತೆರೆದರೆ ಸಾಕು" ಎಂದೆ.

ನಮ್ಮ ದಂಡುಪ್ರದೇಶಕ್ಕೆ ಐರ್ಲೆಂಡು ತೀರ ಅಪರಿಚಿತವೇನಲ್ಲ. ಬ್ರಿಟಿಷ್ ಸೇನೆಯಲ್ಲಿ ಐರಿಷ್ ಕಥೋಲಿಕರು ಬಹಳ ಮಂದಿ ಇದ್ದರು. ಬ್ರಿಗೇಡ್ ರಸ್ತೆಯ ಬಳಿಯ ಇಗರ್ಜಿ ಇಂದಿಗೂ ಆ ನಾಡಿನ ಸಂತ ಪ್ಯಾಟ್ರಿಕ್ಕನ ಹೆಸರನ್ನು ಹೊತ್ತು ನಿಂತಿದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರಷ್ಟೆ. ಅವರ 'ವಂದೇ ಮೀನಾಕ್ಷಿ'ಯ ಮಟ್ಟು ಐರ್ಲೆಂಡಿನ ಮ್ಯಾಲೋ ಎಂಬ ಊರಿನ ಪುಂಡರನ್ನು ಕುರಿತ ಹಾಡಿನದು! ಮೀನಾಕ್ಷಿ ಅದನ್ನು ಕ್ಷಮಿಸಿರಬೇಕು.

ಹುಡುಗಿ ಹಿಂದಿರುಗಿದ ಮೇಲೆ ಹೆಚ್ಚಾಗಿ ಹೇಳಿದ್ದು ಕಾರ್ಕ್ ಪ್ರಾಂತದ ಕೂಲೇ ಎಂಬ ಹಳ್ಳಿಯ ವಿಷಯ. ಕಥೋಲಿಕರ ಮೇಲೆ ಕಟ್ಟುಪಾಡುಗಳಿದ್ದ ಕಾಲದಲ್ಲಿ ಆ ದೇಶದಲ್ಲಿ ಬಯಲಿನ ಬಂಡೆಯೇ ಬಲಿಪೀಠವಾಗಿತ್ತು. ಪೂಜೆ ಲ್ಯಾಟಿನ್ನಿನಲ್ಲಿ, ಜನರ ಅಳಲು ಮಾತ್ರ ಐರಿಷ್ ಹಾಡುಗಳಲ್ಲಿ. ವಾದ್ಯದ ನೆರವಿಲ್ಲದೆ, ಒಂದೇ ಕೊರಳು ಗಮಕಗಳನ್ನು ಹೆಣೆಯುತ್ತ ಹಾಡುವ ಹಳೆಯ ಧಾಟಿ ಅದು. ೧೯೬೨ರಿಂದ ೧೯೬೫ರವರೆಗೆ ನಡೆದ ವ್ಯಾಟಿಕನ್ ಮಹಾಸಭೆ ಪೂಜೆಯೊಳಕ್ಕೆ ದೇಶಭಾಷೆಗಳನ್ನು ಬಿಟ್ಟುಕೊಂಡಿತು. ಆಗ ಶಾನ್ ಓ ರಿಯಾಡ ಆ ಹಳ್ಳಿಯಲ್ಲಿ ನೆಲಸಿ, ಅಲ್ಲಿನ ಗಂಡಸರ ಗಾನವೃಂದಕ್ಕಾಗಿ ಐರಿಷ್ ನುಡಿಯಲ್ಲೇ ಪೂಜಾಸಂಗೀತ ರಚಿಸಿದ. ೧೯೭೧ರಲ್ಲಿ, ನಲವತ್ತರ ವಯಸ್ಸಿಗೇ ತೀರಿಕೊಂಡ.

ಸೆಪ್ಟೆಂಬರ್ ೮ರಂದು ನಾವಿಬ್ಬರೂ ಶಿವಾಜಿನಗರದ ಸಂತ ಮರಿಯಮ್ಮನವರ ಉತ್ಸವಕ್ಕೆ ಹೋದೆವು. ಈಗಿನ ಕಟ್ಟಡ ಪ್ರತಿಷ್ಠಾಪಿತವಾದದ್ದೂ ಅದೇ ತಾರೀಖು, ೧೮೮೨ರಲ್ಲಿ. ಸೀರೆಯುಟ್ಟ ತಾಯಿ, ಕಾವಿ ತೊಟ್ಟ ಭಕ್ತರು, ತೇರು. ಕನ್ನಡ, ತಮಿಳು, ಇಂಗ್ಲಿಷುಗಳ ಪ್ರಾರ್ಥನೆ. ಇಗರ್ಜಿಗಳಲ್ಲಿ ಕನ್ನಡಕ್ಕೆ ಸ್ಥಾನ ಬೇಕೆಂದು ವಾದಿಸಿದವರಲ್ಲಿ ನಾನೂ ಒಬ್ಬ. ಆ ವಾದವನ್ನು ಇಂದೂ ಬಿಟ್ಟಿಲ್ಲ. ಆದರೆ ಹುಡುಗಿ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ: "ಅಲ್ಲಿ ಅರ್ಥವಾಗದ ಹಾಡಿಗೆ ಅತ್ತುಬಿಟ್ಟೆ, ಮೇಷ್ಟ್ರೇ. ಮನೆಯಲ್ಲಿ ಅಜ್ಜಿ ತಮಿಳಿನಲ್ಲಿ ಹಾಡುತ್ತಿದ್ದಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ."

ಮುಂದಿನ ಭಾನುವಾರ ಅಜ್ಜಿಯ ಮುಂದೆ ಕುಳಿತು, ತಮಿಳು ಓದಲು ಬಾರದ ಅವಳು ಆ ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಳಂತೆ. ಮೂರನೆಯ ನುಡಿ ಅಜ್ಜಿಗೆ ನೆನಪಾಗಲಿಲ್ಲ.