ಪ್ರಾದೇಶಿಕ ವಿಮಾನಯಾನ: ಪೈಲಟ್ ಉದ್ಯೋಗದ ಹಿಂದಿರುವ ಗುತ್ತಿಗೆಯ ಲೆಕ್ಕ

(ಸಂಘದ ವಾರ್ಷಿಕ ಸಮಾವೇಶದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಡಾಕ್ಟರ್, ಇಂಜಿನಿಯರ್ ಆಗುವ ಬಗೆಯನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ತಿಳಿಸಿದ್ದಾರೆ. ನನಗೆ ಕೊಟ್ಟಿರುವ ವಿಷಯ ಪೈಲಟ್ ಉದ್ಯೋಗ. ನಾನು ಪೈಲಟ್ ಅಲ್ಲ. ವಿಮಾನ ಕಂಪೆನಿಗಳ ಲೆಕ್ಕಪತ್ರಗಳನ್ನು ಓದುವುದು ನನ್ನ ಕೆಲಸ. ಹಾಗಾಗಿ ಆಕಾಶದ ಸೊಬಗನ್ನು ವರ್ಣಿಸಲಾರೆ. ಪೈಲಟ್‌ನ ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಈ ತರಬೇತಿಗೆ ಇಂದು ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಮನೆ ಅಡವಿಟ್ಟು ಮಗನನ್ನೋ ಮಗಳನ್ನೋ ಕಳಿಸುವ ತಂದೆತಾಯಿಗಳಿಗೆ ಈ ಲೆಕ್ಕ ಮೊದಲೇ ತಿಳಿದಿರಬೇಕು.

ಮೊದಲು ಅಮೆರಿಕದ ಸಂಗತಿ ಹೇಳುತ್ತೇನೆ. ಚಿಕ್ಕ ಊರುಗಳಿಗೆ ಚಿಕ್ಕ ವಿಮಾನ ಹಾರಿಸುವ ಪ್ರಾದೇಶಿಕ ಕಂಪೆನಿಗಳ ವ್ಯವಹಾರ ಅಲ್ಲಿ ಬಹಳ ಬೆಳೆದಿದೆ. ಅದರ ಒಳಿತು ಕೆಡುಕು ಎರಡೂ ದಾಖಲೆಗೆ ಸಿಕ್ಕಿವೆ. ನಮ್ಮ ಹುಡುಗರು ತರಬೇತಿಗೆಂದು ಅಲ್ಲಿಗೆ ಹೋಗುವುದೂ ಉಂಟು.

ಅಲ್ಲಿ ವಿಮಾನದ ಮೇಲೆ ಯುನೈಟೆಡ್ ಎಕ್ಸ್‌ಪ್ರೆಸ್, ಡೆಲ್ಟಾ ಕನೆಕ್ಷನ್, ಅಮೆರಿಕನ್ ಈಗಲ್ ಎಂದು ಬರೆದಿರುತ್ತದೆ. ಟಿಕೆಟ್ಟೂ ದೊಡ್ಡ ಕಂಪೆನಿಯದೇ. ಆದರೆ ಒಳಗೆ ಕುಳಿತ ಪೈಲಟ್‌ಗೆ ಸಂಬಳ ಕೊಡುವುದು ಸ್ಕೈವೆಸ್ಟ್, ರಿಪಬ್ಲಿಕ್‌ನಂಥ ಬೇರೆ ಕಂಪೆನಿ. ಬೆಂಗಳೂರಿನಲ್ಲಿ ಬಿಎಂಟಿಸಿಯ ವಿದ್ಯುತ್ ಬಸ್ಸುಗಳನ್ನು ನೋಡಿದ್ದೀರಿ. ಬಸ್ಸು ಮತ್ತು ಡ್ರೈವರ್ ಖಾಸಗಿ ಕಂಪೆನಿಯವು. ಕಂಡಕ್ಟರ್ ಮತ್ತು ಟಿಕೆಟ್ ಹಣ ಬಿಎಂಟಿಸಿಯದು. ಖಾಸಗಿಯವರಿಗೆ ಕಿಲೋಮೀಟರಿಗೆ ಇಂತಿಷ್ಟು. ಹೆಚ್ಚುಕಡಿಮೆ ಇದೇ ಏರ್ಪಾಡು.

ವಿಮಾನದ ಗುತ್ತಿಗೆಯಲ್ಲಿ ಕಿಲೋಮೀಟರ್ ಬದಲು ‘ಬ್ಲಾಕ್ ಅವರ್’ ಲೆಕ್ಕ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ಊರಿನಲ್ಲಿ ಹೋಗಿ ನಿಲ್ಲುವವರೆಗಿನ ಸಮಯ ಅದು. ಒಂದು ಗಂಟೆಗೆ ಇಷ್ಟು, ಒಂದು ಹಾರಾಟಕ್ಕೆ ಇಷ್ಟು, ಒಂದು ವಿಮಾನಕ್ಕೆ ತಿಂಗಳಿಗೆ ಇಷ್ಟು ಎಂದು ದೊಡ್ಡ ಕಂಪೆನಿ ಹಣ ಕೊಡುತ್ತದೆ. ಇಂಧನದ ಖರ್ಚು ಅದರದೇ. ಸೀಟು ತುಂಬಲಿ ಬಿಡಲಿ, ಪ್ರಾದೇಶಿಕ ಕಂಪೆನಿಗೆ ಗೊತ್ತುಪಡಿಸಿದ ಹಣ ಬರುತ್ತದೆ. ಮೇಲ್ನೋಟಕ್ಕೆ ಇದಕ್ಕಿಂತ ನಿಶ್ಚಿಂತೆಯ ವ್ಯಾಪಾರ ಇಲ್ಲ.

ತೊಡಕಿರುವುದು ಗುತ್ತಿಗೆ ಮುಗಿಯುವ ದಿನ. ಹೊಸ ಗುತ್ತಿಗೆ ಯಾರಿಗೆ? ಯಾರ ದರ ಕಡಿಮೆಯೋ ಅವರಿಗೆ. ಇಂಧನ ದೊಡ್ಡ ಕಂಪೆನಿಯ ಲೆಕ್ಕಕ್ಕೆ ಹೋಯಿತು. ವಿಮಾನಗಳೂ ಎಲ್ಲರ ಬಳಿ ಅವೇ ಎರಡು ಮೂರು ತಯಾರಕರವು, ಬೆಲೆಯಲ್ಲಿ ಭಾರಿ ಅಂತರವಿಲ್ಲ. ಹಾಗಾದರೆ ದರ ಇಳಿಸುವುದು ಎಲ್ಲಿ? ನಿರ್ವಹಣೆಯಲ್ಲಿ ಸ್ವಲ್ಪ, ಉಳಿದದ್ದು ಪೈಲಟ್ ಮತ್ತು ಗಗನಸಖಿಯರ ಸಂಬಳದಲ್ಲಿ. ಪೈಲಟ್ ಸಂಬಳ ಸೇವಾವಧಿಯ ಜೊತೆ ಏರುತ್ತದೆ. ಹತ್ತು ಹದಿನೈದು ವರ್ಷ ನಿಯತ್ತಾಗಿ ದುಡಿದ ಕ್ಯಾಪ್ಟನ್‌ಗಳು ತುಂಬಿರುವ ಕಂಪೆನಿಯ ದರ ತಾನಾಗಿ ಹೆಚ್ಚು. ನಿನ್ನೆ ಹುಟ್ಟಿದ, ಹೊಸಬರೇ ತುಂಬಿರುವ ಕಂಪೆನಿಯ ದರ ಕಡಿಮೆ. ಅನುಭವ ಬೆಳೆದಷ್ಟೂ ಗುತ್ತಿಗೆ ಕೈತಪ್ಪುವ ಸಂಭವ ಹೆಚ್ಚುವ ಇಂಥ ಕಸುಬು ನಾನು ಬೇರೆ ಕಂಡಿಲ್ಲ.

ಕಾಮೇರ್ ಎಂಬ ಕಂಪೆನಿಯನ್ನೇ ನೋಡಿ. ಸಿನ್ಸಿನಾಟಿಯನ್ನು ನೆಲೆಯಾಗಿಸಿಕೊಂಡು ಡೆಲ್ಟಾಗಾಗಿ ಹಾರುತ್ತಿತ್ತು. ಡೆಲ್ಟಾವೇ ಅದನ್ನು ಕೊಂಡುಕೊಂಡಿತ್ತು. 2001ರಲ್ಲಿ ಅದರ ಪೈಲಟ್‌ಗಳು 89 ದಿನ ಮುಷ್ಕರ ಹೂಡಿ ಸಂಬಳ ಹೆಚ್ಚಿಸಿಕೊಂಡರು. 2008ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ 50 ಸೀಟಿನ ಜೆಟ್‌ಗಳು ನಷ್ಟದ ಬಾಬ್ತಾದವು. ಕಾಮೇರ್ ಬಳಿ ಇದ್ದದ್ದು ಬಹುಪಾಲು ಅಂಥವೇ. 2012ರ ಸೆಪ್ಟೆಂಬರ್ ಅಂತ್ಯಕ್ಕೆ ಕಂಪೆನಿ ಬಾಗಿಲು ಹಾಕಿತು. ಎಕ್ಸ್‌ಪ್ರೆಸ್‌ಜೆಟ್‌ನದು ಇನ್ನೂ ಚುಟುಕು ಕಥೆ: 2020ರ ಜುಲೈನಲ್ಲಿ ಯುನೈಟೆಡ್ ತನ್ನ ಕೆಲಸವನ್ನು ಇನ್ನೊಂದು ಪ್ರಾದೇಶಿಕ ಕಂಪೆನಿಗೆ ಕೊಡುವುದಾಗಿ ಹೇಳಿತು, ಸೆಪ್ಟೆಂಬರ್ ಕೊನೆಗೆ ಆ ಹಾರಾಟ ನಿಂತಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಂಪಾಸ್, ಟ್ರಾನ್ಸ್ ಸ್ಟೇಟ್ಸ್ ಎಂಬ ಎರಡು ಕಂಪೆನಿಗಳು ಮುಚ್ಚಿದ್ದವು.

ಕಂಪೆನಿ ಮುಚ್ಚಿದರೆ ಇನ್ನೊಂದಕ್ಕೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಹೋಗಬಹುದು, ಆದರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಪೈಲಟ್‌ನ ಸಂಬಳ, ರಜೆ, ಯಾವ ಊರು, ಯಾವ ವಿಮಾನ, ಕ್ಯಾಪ್ಟನ್ ಸ್ಥಾನ ಎಲ್ಲವೂ ಆ ಕಂಪೆನಿಯ ಹಿರಿತನದ ಪಟ್ಟಿಯ ಮೇಲೆ ನಿಂತಿವೆ. ಬೇರೆ ಕಡೆಯ ಸೇವೆ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಲವತ್ತೈದರ ಕ್ಯಾಪ್ಟನ್ ಇಪ್ಪತ್ಮೂರರ ಹುಡುಗನ ಕೆಳಗಿನ ನಂಬರಿಗೆ ಇಳಿಯುತ್ತಾನೆ.

ಇನ್ನು ಸಂಬಳ. 2000ರ ದಶಕದಲ್ಲಿ ಅಲ್ಲಿನ ಹೊಸ ಸಹಪೈಲಟ್‌ಗೆ ಗಂಟೆಗೆ ಇಪ್ಪತ್ತು ಡಾಲರಿನ ಆಸುಪಾಸು ಸಿಗುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ಗಂಟೆಯೆಂದರೆ ಮುಖ್ಯವಾಗಿ ಬ್ಲಾಕ್ ಅವರ್. ನಿಲ್ದಾಣದಲ್ಲಿ ಕಾದು ಕುಳಿತ ಸಮಯಕ್ಕೆ ಆ ದರವಿಲ್ಲ. ತಿಂಗಳಿಗೆ 75 ಗಂಟೆ, ಗಂಟೆಗೆ 22 ಡಾಲರ್ ಎಂದುಕೊಳ್ಳಿ: ವರ್ಷಕ್ಕೆ 19,800 ಡಾಲರ್. ಅಮೆರಿಕದ ಖರ್ಚಿನಲ್ಲಿ, ತಲೆಯ ಮೇಲೆ ತರಬೇತಿಯ ಸಾಲ ಹೊತ್ತುಕೊಂಡು! ದೊಡ್ಡ ಕಂಪೆನಿಗೆ ಹೋಗುವ ಏಣಿಯ ಮೊದಲ ಮೆಟ್ಟಿಲು ಎಂಬ ಆಸೆಯಿಂದ ಜನ ಇದನ್ನು ಸಹಿಸಿಕೊಂಡರು.

ಈ ಸಂಗತಿ ಸಾಮಾನ್ಯ ಪ್ರಯಾಣಿಕರಿಗೆ ತಿಳಿದದ್ದು ಒಂದು ದುರಂತದ ನಂತರ. 2009ರ ಫೆಬ್ರವರಿ 12ರ ರಾತ್ರಿ ಬಫಲೊ ನಗರದ ಬಳಿ ಕೋಲ್ಗನ್ ಏರ್‌ನ ವಿಮಾನ ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ವಿಮಾನದ ಮೇಲಿದ್ದ ಹೆಸರು ಕಾಂಟಿನೆಂಟಲ್ ಕನೆಕ್ಷನ್. ವೇಗ ಕುಸಿದಾಗ ಬಂದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆ ತೀರ್ಮಾನಿಸಿತು. ಆದರೆ ವಿಚಾರಣೆಯಲ್ಲಿ ಸಹಪೈಲಟ್‌ನ ಅಲ್ಪ ಸಂಬಳವೂ, ಆಕೆ ದೇಶದ ಇನ್ನೊಂದು ತುದಿಯಾದ ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದದ್ದೂ ಹೊರಬಿದ್ದವು. ಸತ್ತವರ ಕುಟುಂಬಗಳು ಪಟ್ಟು ಹಿಡಿದವು. 2010ರಲ್ಲಿ ಕಾನೂನಾಯಿತು, 2013ರಿಂದ ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಕಡ್ಡಾಯವಾಯಿತು. ಮೊದಲು 250 ಗಂಟೆ ಸಾಕಿತ್ತು. ಟಿಕೆಟ್ ಮಾರುವಾಗ ನಿಜವಾಗಿ ವಿಮಾನ ಹಾರಿಸುವವರು ಯಾರು ಎಂದು ತಿಳಿಸಬೇಕೆಂಬುದೂ ಆ ಕಾನೂನಿನಲ್ಲೇ ಬಂತು. ಆ ವಿಮಾನದ ಇಬ್ಬರಿಗೂ 1,500ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು ಎಂಬುದನ್ನು ನಿಯಮವನ್ನು ಒಪ್ಪದವರು ಇಂದಿಗೂ ಎತ್ತಿ ತೋರಿಸುತ್ತಾರೆ. ನನ್ನ ಮಟ್ಟಿಗೆ, ಆ ನಿಯಮ ಸಂಬಳಕ್ಕೆ ಮಾಡಿದ ಉಪಕಾರ ದೊಡ್ಡದು. ಹೊಸ ಪೈಲಟ್‌ಗಳು ಸುಲಭಕ್ಕೆ ಸಿಗದಂತಾದರು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪೆನಿಗಳು ಹಿರಿಯ ಪೈಲಟ್‌ಗಳಿಗೆ ಸ್ವಯಂ ನಿವೃತ್ತಿ ಕೊಟ್ಟು ಕಳಿಸಿ, ಮತ್ತೆ ಜನ ಬೇಕಾದಾಗ ಪ್ರಾದೇಶಿಕ ಕಂಪೆನಿಗಳಿಂದ ಸೆಳೆದುಕೊಂಡವು. 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳಾದ ಪೀಡ್‌ಮಾಂಟ್, ಎನ್ವಾಯ್ ಮೊದಲ ವರ್ಷದ ಸಹಪೈಲಟ್‌ಗೆ ಗಂಟೆಗೆ 90 ಡಾಲರ್ ಘೋಷಿಸಿದವು. ಹಿಂದಿನ 75 ಗಂಟೆಯ ಲೆಕ್ಕದಲ್ಲೇ ವರ್ಷಕ್ಕೆ 81,000 ಡಾಲರ್.

ಅದನ್ನು ನೋಡಿ ತರಬೇತಿ ಶಾಲೆಗಳತ್ತ ಜನ ನುಗ್ಗಿದರು. 2024ರ ಹೊತ್ತಿಗೆ ದೊಡ್ಡ ಕಂಪೆನಿಗಳ ನೇಮಕಾತಿ ನಿಧಾನವಾಯಿತು. ಕೆಳಗಿನ ಮೆಟ್ಟಿಲಿನಲ್ಲೂ ಕಾಯುವವರ ಸಾಲು ಬೆಳೆಯಿತು. ಜಾಹೀರಾತು ನೋಡಿ ಹಣ ಕಟ್ಟುವ ದಿನದ ಸ್ಥಿತಿ ಬೇರೆ, ಲೈಸೆನ್ಸ್ ಕೈಗೆ ಬರುವ ದಿನದ ಸ್ಥಿತಿ ಬೇರೆ. ಅಲ್ಲಿಗೆ ಹೋಗಿ ಕಲಿತ ನಮ್ಮ ವಿದ್ಯಾರ್ಥಿ ಸುಮಾರು 200, 250 ಗಂಟೆಯೊಂದಿಗೆ ಹೊರಬರುತ್ತಾನೆ. ಅಲ್ಲಿನ ನೌಕರಿಗೆ ಅಷ್ಟು ಸಾಲದು, ವಿದ್ಯಾರ್ಥಿ ವೀಸಾದಿಂದ ಕಾಯಂ ಕೆಲಸದ ಹಕ್ಕೂ ಬರುವುದಿಲ್ಲ. ಆತ ಮರಳಿ ಬಂದು ಇಲ್ಲಿನ ಡಿಜಿಸಿಎ ಪರೀಕ್ಷೆಗಳನ್ನು ಪಾಸು ಮಾಡಿ, ಇಲ್ಲಿಯೇ ಕೆಲಸ ಹುಡುಕಬೇಕು.

ಇಲ್ಲಿಯ ಪ್ರಾದೇಶಿಕ ಹಾರಾಟಕ್ಕೆ ಅಮೆರಿಕದ ಮಾದರಿಯ ಗುತ್ತಿಗೆ ಇಲ್ಲ. ಕಂಪೆನಿಗಳು ತಾವೇ ಟಿಕೆಟ್ ಮಾರಿ, ತಾವೇ ಇಂಧನದ ಬೆಲೆ ತೆರುತ್ತವೆ. ಅವುಗಳ ಆಸರೆ ಉಡಾನ್ ಯೋಜನೆ. 2017ರ ಏಪ್ರಿಲ್‌ನಲ್ಲಿ ಶಿಮ್ಲಾ-ದಿಲ್ಲಿ ಹಾರಾಟದಿಂದ ಶುರುವಾದ ಇದರಲ್ಲಿ ಕೆಲವು ಸೀಟುಗಳ ದರಕ್ಕೆ ಮಿತಿ ಹಾಕಿ, ಆ ಕೊರತೆಯನ್ನು ಸಾಮಾನ್ಯವಾಗಿ ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಮೂರು ವರ್ಷದ ಮೇಲೆ ಏನು? ಮಹಾಲೇಖಪಾಲರ 2023ರ ವರದಿಯಲ್ಲಿ ಉತ್ತರವಿದೆ. ಯೋಜನೆಯ ಮೂರನೇ ಹಂತದವರೆಗೆ ಹಂಚಿದ ಮಾರ್ಗಗಳು 774, ಶುರುವಾದದ್ದು 371, ಮೂರು ವರ್ಷ ಪೂರೈಸಿದ್ದು 112, ಆ ನಂತರವೂ 2023ರ ಮಾರ್ಚ್‌ನಲ್ಲಿ ನಡೆಯುತ್ತಿದ್ದದ್ದು 54. ನಮ್ಮ ಬೀದರ್‌ಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ವಿಮಾನ ಬಂದಾಗ ಊರಿಗೆ ಊರೇ ಸಂಭ್ರಮಿಸಿತು. 2022ರಲ್ಲಿ ಆ ಕಂಪೆನಿಯ ಹಾರಾಟವೇ ನಿಂತಿತು. ವಿಮಾನ ನಿಲ್ದಾಣ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಗೆ ಹಾರುತ್ತಿದ್ದ ಪೈಲಟ್ ಮಾತ್ರ ಬೇರೆ ಕೆಲಸ ಹುಡುಕಬೇಕು.

ಇದನ್ನೆಲ್ಲ ಕೇಳಿ ಯಾರೂ ಆಸೆ ಬಿಡಬೇಕಾಗಿಲ್ಲ. ಸಣ್ಣ ಕಂಪೆನಿಯಲ್ಲಿ ದಿನಕ್ಕೆ ನಾಲ್ಕಾರು ಬಾರಿ ಇಳಿದು ಏರುವ ಪೈಲಟ್‌ಗೆ ಸಿಗುವ ಪಳಗುವಿಕೆ ದೊಡ್ಡ ವಿಮಾನದ ಹೊಸಬರಿಗೆ ಬೇಗ ಸಿಗದು. ಹಣ ಕಟ್ಟುವ ಮುಂಚೆ ಕೇಳುವುದನ್ನು ಕೇಳಿ, ಅಷ್ಟೇ. ತರಬೇತಿ ಶಾಲೆಯವರು ‘ಕೆಲಸ ಗ್ಯಾರಂಟಿ’ ಎಂದರೆ, ಅದು ಯಾವ ಕಂಪೆನಿಯ ಯಾವ ಪತ್ರದಲ್ಲಿದೆ ಎಂದು ಕೇಳಿ. ಸಣ್ಣ ಕಂಪೆನಿ ಕೆಲಸ ಕೊಟ್ಟರೆ ಅದರ ಮಾರ್ಗಗಳ ನೆರವು ಯಾವ ವರ್ಷ ಮುಗಿಯುತ್ತದೆ ನೋಡಿ. ಬಾಂಡ್‌ಗೆ ಸಹಿ ಹಾಕುವಾಗ, ನೀವು ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದಷ್ಟೇ ಅಲ್ಲ, ಕಂಪೆನಿಯೇ ನಿಂತುಹೋದರೆ ಆ ಬಾಂಡ್ ಏನಾಗುತ್ತದೆ ಎಂಬುದನ್ನೂ ವಕೀಲರ ಕೈಯಲ್ಲಿ ಓದಿಸಿ. ಮೊಟ್ಟಮೊದಲು, ಒಂದು ರೂಪಾಯಿ ಶುಲ್ಕ ಕಟ್ಟುವ ಮುನ್ನವೇ, ಡಿಜಿಸಿಎ ನಿಗದಿಪಡಿಸಿದ ಕ್ಲಾಸ್ 1 ವೈದ್ಯಕೀಯ ಅರ್ಹತೆ ನಿಮಗೆ ಸಿಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಣ್ಣಿನ, ಕಿವಿಯ ಒಂದು ದೋಷ ಅರ್ಧ ತರಬೇತಿಯ ನಂತರ ಗೊತ್ತಾದರೆ ಕಟ್ಟಿದ ಹಣ ವಾಪಸು ಬರುವುದು ಕಷ್ಟ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನುಳಿದ ಸಮಯ ನಿಮ್ಮ ಪ್ರಶ್ನೆಗಳಿಗೆ, ಪೋಷಕರೂ ಕೇಳಬಹುದು.