3.6 ಡಿಗ್ರಿ ಅಂದರೆ ಎಷ್ಟು ದೂರ?

ಮಕ್ಕಳೇ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ಉತ್ತರ ಧ್ರುವದ ಹತ್ತಿರ ಇವೆ. ಅಲ್ಲಿನ ದೊಡ್ಡ ಊರು ಲಾಂಗ್‌ಇಯರ್‌ಬ್ಯೆನ್. ಅದರ ವಾಯವ್ಯಕ್ಕಿರುವ ಪುಟ್ಟ ಊರು ನ್ಯೂ-ಓಲೆಸುಂಡ್. ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇರುವುದು ಇಲ್ಲೇ. 2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಇಲ್ಲಿಗೆ ಹೊರಟಾಗ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು.

ಈ ಎರಡು ಊರುಗಳ ನಡುವೆ ರಸ್ತೆಯಿಲ್ಲ. ಇರುವುದು ಬೆಟ್ಟ, ಹಿಮನದಿ, ಒಳಗೆ ಚಾಚಿದ ಕಡಲು. ಹಾಗಾಗಿ ವಿಜ್ಞಾನಿಗಳು ಸಣ್ಣ ಡಾರ್ನಿಯರ್ ವಿಮಾನ ಹತ್ತುತ್ತಾರೆ. ಅದು ಎಷ್ಟು ದೂರ ಹಾರಬೇಕು? ಅಟ್ಲಾಸ್ ತೆಗೆಯಿರಿ, ನಾವೇ ಲೆಕ್ಕ ಹಾಕೋಣ.

ಲಾಂಗ್‌ಇಯರ್‌ಬ್ಯೆನ್ ವಿಮಾನ ನಿಲ್ದಾಣ ಇರುವುದು 78.25 ಡಿಗ್ರಿ ಉತ್ತರ ಅಕ್ಷಾಂಶ, 15.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನ್ಯೂ-ಓಲೆಸುಂಡಿನದು 78.93 ಉತ್ತರ, 11.9 ಪೂರ್ವ.

ಮೊದಲು ಅಕ್ಷಾಂಶ. ಭೂಮಿಯ ಯಾವ ಮೂಲೆಯಲ್ಲೇ ಆಗಲಿ, ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ಇಲ್ಲಿ ವ್ಯತ್ಯಾಸ 0.68 ಡಿಗ್ರಿ. ಗುಣಿಸಿದರೆ ಉತ್ತರ ದಿಕ್ಕಿಗೆ ಸುಮಾರು 75 ಕಿ.ಮೀ.

ರೇಖಾಂಶದ ವ್ಯತ್ಯಾಸ 3.6 ಡಿಗ್ರಿ. ಇದನ್ನೂ 111ರಿಂದ ಗುಣಿಸಿದರೆ 400 ಕಿ.ಮೀ. ಬರುತ್ತದೆ. ಆದರೆ ಅದು ತಪ್ಪು! ಸಿಪ್ಪೆ ಸುಲಿದ ಕಿತ್ತಳೆಯನ್ನು ನೋಡಿ. ತೊಳೆಗಳು ನಡುವಿನಲ್ಲಿ ದಪ್ಪಗಿದ್ದು, ತುದಿಯ ಕಡೆಗೆ ಕಿರಿದಾಗುತ್ತ ಒಂದೇ ಕಡೆ ಕೂಡುತ್ತವೆ. ರೇಖಾಂಶದ ಗೆರೆಗಳೂ ಹಾಗೆಯೇ ಧ್ರುವದಲ್ಲಿ ಕೂಡುತ್ತವೆ. ಒಂದು ಡಿಗ್ರಿಗೆ ಸಮಭಾಜಕ ವೃತ್ತದಲ್ಲಿ 111 ಕಿ.ಮೀ., 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ, ಸ್ವಾಲ್ಬಾರ್ಡಿನಲ್ಲಿ ಬರೀ 22 ಕಿ.ಮೀ. ಅಂದರೆ ಪಶ್ಚಿಮಕ್ಕೆ ಹೋಗಬೇಕಾದದ್ದು ಸುಮಾರು 79 ಕಿ.ಮೀ. ಮಾತ್ರ. ಗೋಡೆಗೆ ತೂಗುಹಾಕುವ ಕೆಲವು ನಕ್ಷೆಗಳಲ್ಲಿ ಈ ಗೆರೆಗಳನ್ನು ಕೂಡಿಸದೆ ನೇರವಾಗಿ ಎಳೆದಿರುತ್ತಾರೆ. ಅದಕ್ಕೇ ಅಲ್ಲಿ ಧ್ರುವದ ನಾಡುಗಳು ಹಿಗ್ಗಿದಂತೆ ಕಾಣುತ್ತವೆ.

ಈಗ 75 ಮತ್ತು 79ನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದುಕೊಳ್ಳಿ. ಪೈಥಾಗೊರಸನ ಸೂತ್ರದಂತೆ ವಿಕರ್ಣ ಹೆಚ್ಚುಕಡಿಮೆ 110 ಕಿ.ಮೀ. ಅದೇ ವಿಮಾನದ ನೇರ ದಾರಿ.

ಡಾರ್ನಿಯರ್ ಗಂಟೆಗೆ 400 ಕಿ.ಮೀ. ವೇಗದಲ್ಲಿ ಹಾರಿದರೆ 110 ಕಿ.ಮೀ.ಗೆ 16–17 ನಿಮಿಷ ಸಾಕು. ಆದರೆ ಪ್ರಯಾಣಕ್ಕೆ ಸುಮಾರು 25 ನಿಮಿಷ ಬೇಕಾಗುತ್ತದೆ. ಮೇಲೇರುವಾಗ ವಿಮಾನಕ್ಕೆ ಪೂರ್ತಿ ವೇಗವಿರುವುದಿಲ್ಲ. ಇಳಿಯುವ ಮೊದಲು ವೇಗ ತಗ್ಗಿಸಿ, ತಿರುಗಿ, ಜಲ್ಲಿ ಹಾಸಿದ ರನ್‌ವೇಗೆ ನೇರವಾಗಬೇಕು. ಎದುರುಗಾಳಿ ಬೀಸಿದರೆ ಇನ್ನಷ್ಟು ತಡ. ಮಂಜು ಕವಿದರಂತೂ ಹೊರಡುವ ಹಾಗೇ ಇಲ್ಲ.

ನ್ಯೂ-ಓಲೆಸುಂಡ್ ತಲುಪಿದ ಮೇಲೆ ಫೋನಿನ ವೈಫೈ, ಬ್ಲೂಟೂತ್ ಆಫ್ ಮಾಡಬೇಕು. ಏಕೆಂದರೆ ಅಲ್ಲಿನ ದೊಡ್ಡ ಆಂಟೆನಾಗಳು ಬಹುದೂರದ ಆಕಾಶಕಾಯಗಳಾದ ಕ್ವೇಸಾರ್‌ಗಳಿಂದ ಬರುವ ತೀರಾ ಕ್ಷೀಣವಾದ ರೇಡಿಯೊ ಅಲೆಗಳನ್ನು ಹಿಡಿಯುತ್ತವೆ. ಅದೇ ಅಲೆ ಬೇರೆ ಖಂಡದ ಆಂಟೆನಾಕ್ಕೆ ಎಷ್ಟು ಹಿಂದೆ ಮುಂದೆ ತಲುಪಿತು ಎಂಬುದರಿಂದ ಎರಡರ ನಡುವಿನ ದೂರವನ್ನು ಮಿಲಿಮೀಟರುಗಳ ನಿಖರತೆಯಲ್ಲಿ ಕಂಡುಹಿಡಿಯುತ್ತಾರೆ. ಖಂಡಗಳು ಮೆಲ್ಲಗೆ ಸರಿಯುವುದೂ ಹೀಗೆ ಗೊತ್ತಾಗುತ್ತದೆ.

ಇನ್ನು ನಿಮ್ಮ ಸರದಿ. ನಾರ್ವೆಯ ಟ್ರೋಮ್ಸೊ 69.7 ಉತ್ತರ, 18.9 ಪೂರ್ವದಲ್ಲಿದೆ. ಅಲ್ಲಿಂದ ಲಾಂಗ್‌ಇಯರ್‌ಬ್ಯೆನ್‌ಗೆ ಎಷ್ಟು ದೂರ? ಉತ್ತರ 960 ಕಿ.ಮೀ. ಆಸುಪಾಸಿನಲ್ಲಿ ಬಂದರೆ ನಿಮ್ಮ ಲೆಕ್ಕ ಸರಿ.